ಅರಳಿಮರದಡಿಯ ಅರ್ಧ ಕಲ್ಲು

“ಸುಳ್ಳು ಸಾರ್! ಆ ಅರಳಿಮರ ನಮ್ಮನೆ ಪಕ್ಕದ ರೋಡಲ್ಲೇ ಇರೋದು. ಅಲ್ಲಿ ಯಾವ ಅಜ್ಜೀನೂ ಹಾಡಲ್ಲ!”

ಪ್ರೀತಂ ಬೆಂಚಿನ ಮೇಲೆ ಹತ್ತಿ ನಿಲ್ಲುವುದೊಂದೇ ಬಾಕಿ. ಗಗನಳ ಬೆರಳು ಇನ್ನೂ ಗೋಡೆಯ ಮೇಲಿನ ನಕ್ಷೆಯಲ್ಲೇ ಇತ್ತು. ಬೆರಳಿನ ಕೆಳಗೆ ಅವಳು ಈಗಷ್ಟೇ ಅಂಟಿಸಿದ ಕೆಂಪು ಬಿಂದಿ.

ಅದು ಐದನೇ ಕ್ಲಾಸಿನ ಗೋಡೆ. ದೇವರಾಜು ಮೇಷ್ಟ್ರು ನಾಲ್ಕು ಚಾರ್ಟ್ ಹಾಳೆ ಜೋಡಿಸಿ ಇಡೀ ಮಂಡ್ಯವನ್ನು ಬರೆದಿದ್ದರು. ರೈಲು ಹಳಿ, ಸಕ್ಕರೆ ಕಾರ್ಖಾನೆಯ ಚಿಮಣಿ, ಪೇಟೆ ಬೀದಿ, ಪಾರ್ಕು, ಅಲ್ಲಲ್ಲಿ ಮರಗಳು. ಮೇಲೆ ದಪ್ಪ ಅಕ್ಷರದಲ್ಲಿ, ‘ನಮ್ಮ ಊರಲ್ಲಿ ಏನೇನಿದೆ? ಹುಡುಕಿ!’

ಮನೆಯಾಚೆ ನೋಡುವಂಥದ್ದು, ಕೇಳುವಂಥದ್ದು, ತಿನ್ನುವಂಥದ್ದು ಏನಾದರೂ ಸಿಕ್ಕಿದರೆ ಆ ಜಾಗದ ಮೇಲೆ ಬಿಂದಿ ಅಂಟಿಸಬೇಕು. ತಾನೇ ಕಂಡದ್ದಾಗಿರಬೇಕು. ಫೋನಿನಲ್ಲಿ ನೋಡಿದ್ದು ಲೆಕ್ಕಕ್ಕಿಲ್ಲ. ಭಾನುವಾರ ಬೆಳಿಗ್ಗೆ ಮೇಷ್ಟ್ರು ಎಲ್ಲರನ್ನೂ ಒಂದು ಬಿಂದಿಗೆ ಕರೆದುಕೊಂಡು ಹೋಗುತ್ತಿದ್ದರು. ಪ್ರೀತಂನ ಬಿಂದಿ ಬಿಸಿ ವಡೆಯ ಗಾಡಿಗೆ ಕರೆದೊಯ್ದಿತ್ತು. ಶೋಭಿತಾಳ ಬಿಂದಿ, ಗದ್ದೆ ಬಯಲಿನಲ್ಲಿ ಅಣ್ಣಂದಿರು ತಲೆಯ ಮೇಲೆ ದೇವರ ಚೌಕಟ್ಟು ಹೊತ್ತು ಪೂಜಾ ಕುಣಿತ ಕಲಿಯುವ ಜಾಗಕ್ಕೆ. ತೇಜು ಕಬ್ಬಿನ ಹಾಲಿನ ಗಾಡಿ ತೋರಿಸಿದ್ದ.

ಬಿಂದಿ ಅಂಟಿಸದೆ ಉಳಿದವಳು ಗಗನ ಒಬ್ಬಳೇ. ಬೆಳಕವಾಡಿಯಿಂದ ಮಂಡ್ಯಕ್ಕೆ ಬಂದು ಒಂದು ವರ್ಷವಾಗಿದ್ದರೂ ಅವಳಿಗೆ ಮನೆ, ಸ್ಕೂಲು ಬಿಟ್ಟರೆ ಹೆಚ್ಚೇನೂ ಗೊತ್ತಿರಲಿಲ್ಲ.

“ನಿಂದು ಯಾವುದಮ್ಮ?” ಎಂದು ಮೇಷ್ಟ್ರು ಕೇಳಿದಾಗ ಅವಳ ಬಾಯಿಂದ ತಾನಾಗಿ ಬಂದಿತ್ತು: “ನಮ್ಮಜ್ಜಿ ಸಾರ್. ರಾಗಿ ಬೀಸೋ ಪದ ಹಾಡ್ತಾರೆ.”

“ಅಬ್ಬಾ! ಎಲ್ಲಿ?”

ಗಗನ ಎಲ್ಲೋ ಬೆರಳಿಟ್ಟಳು. ಮೇಷ್ಟ್ರು ಬರೆದ ಮರಗಳಲ್ಲಿ ಆ ಅರಳಿಮರವೇ ಚೆಂದವಾಗಿತ್ತು. ಎಲೆಗಳ ಬಾಲವನ್ನೂ ಒಂದೊಂದಾಗಿ ಬಿಡಿಸಿದ್ದರು. ಬಿಂದಿ ಅಲ್ಲಿ ಕೂತುಬಿಟ್ಟಿತು.

“ಸುಳ್ಳೋ ನಿಜಾನೋ ಹೋಗಿ ನೋಡಿದ್ರೆ ಗೊತ್ತಾಗುತ್ತೆ. ಕೂತ್ಕೊ ಪ್ರೀತಂ,” ಎಂದರು ಮೇಷ್ಟ್ರು. “ಈ ಭಾನುವಾರ ಎಂಟು ಗಂಟೆಗೆ, ಅರಳಿಮರದ ಹತ್ತಿರ. ಆಯ್ತೇನಮ್ಮ ಗಗನ?”

ಗಗನ ತಲೆಯಾಡಿಸಿದಳು. ಬಿಂದಿಯ ಒಂದು ಅಂಚು ಆಗಲೇ ಮೇಲೆದ್ದಿತ್ತು.

*

ಗಗನ ಹೇಳಿದ್ದು ಪೂರ್ತಿ ಸುಳ್ಳಲ್ಲ.

ಬೆಳಕವಾಡಿಯ ಮನೆಯಲ್ಲಿ ಅಜ್ಜಿ ಮರಿತಾಯಮ್ಮ ಹಾಡುತ್ತಿದ್ದದ್ದು ನಿಜ. ಊರಲ್ಲಿ ಹಿಟ್ಟಿನ ಮಿಲ್ಲು ಇತ್ತು. ಆದರೆ ಹುರಿಹಿಟ್ಟಿಗೆ ಮಾತ್ರ ಅಜ್ಜಿ ಮಿಲ್ಲಿಗೆ ಹೋಗುತ್ತಿರಲಿಲ್ಲ. ರಾಗಿ ಹುರಿದು, ಅದು ಬಿಳಿಯಾಗಿ ಅರಳಿದ ಮೇಲೆ ಕಲ್ಲಿನ ಮುಂದೆ ಕೂರುತ್ತಿದ್ದಳು. ಆಗ ಗಗನ ತುಂಬ ಸಣ್ಣವಳು. ಅಜ್ಜಿಯ ಬೆನ್ನಿಗೆ ಆತು ಮಲಗಿಬಿಡುತ್ತಿದ್ದಳು. ಕಲ್ಲು ಗುರ್ರ್ ಗುರ್ರ್ ಎನ್ನುವಾಗ ಅಜ್ಜಿಯ ಬೆನ್ನೂ ಗುಂಯ್ ಎನ್ನುತ್ತಿತ್ತು. ಆ ಹಾಡನ್ನು ಅವಳು ಕಿವಿಯಿಂದ ಕೇಳಿದವಳಲ್ಲ, ಕೆನ್ನೆಯಿಂದ ಕೇಳಿದವಳು. ಒಂದು ಮಾತೂ ನೆನಪಿರಲಿಲ್ಲ. ಆದರೆ ಈಗಲೂ ಕಣ್ಣು ಮುಚ್ಚಿದರೆ ಕೆನ್ನೆಗೆ ಆ ಗುಂಯ್ ಬರುತ್ತಿತ್ತು. ದೂರದ ಹೊಳೆಯ ಮೇಲೆ ಯಾರೋ ನಡೆದು ಬಂದ ಹಾಗೆ.

“ಅಜ್ಜಿ, ಒಂದೇ ಒಂದು ಪದ ಹಾಡಜ್ಜಿ,” ಎಂದಳು ಮನೆಗೆ ಬಂದವಳೇ.

ಅಜ್ಜಿ ಬಾಲ್ಕನಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. “ಇದೇನವ್ವ ಇದ್ದಕ್ಕಿದ್ದಂಗೆ?”

“ಹಾಡಜ್ಜಿ!”

ಅಜ್ಜಿ ಬಾಯಿ ತೆರೆದಳು. ಆಕಾಶ ನೋಡಿದಳು. ಎದುರು ಮನೆಯ ನೀರಿನ ಟ್ಯಾಂಕು ನೋಡಿದಳು. ಬಾಯಿ ಮುಚ್ಚಿದಳು.

“ಬತ್ತಿಲ್ಲ ಕಣವ್ವ.”

“ಮರೆತೋಯ್ತಾ?”

“ಮರ್ತಿಲ್ಲ. ಅದು ನನ್ ಬಾಯಲ್ಲೆಲ್ಲವ್ವ ಇದ್ದದ್ದು? ಕಲ್ಲಲ್ಲಿತ್ತು. ಕೈಯಿ ಸುತ್ತುದ್ರೆ ಬಾಯ್ಗೆ ಬರೋದು. ಬರಿ ಕೈಲಿ ಕೂತ್ಕಂಡು ಎಲ್ಲಿಂದ ತರಾನೆ?”

ಗಗನ ಎಲ್ಲವನ್ನೂ ಹೇಳಿದಳು. ನಕ್ಷೆ, ಬಿಂದಿ, ಅರಳಿಮರ, ಭಾನುವಾರ, ಪ್ರೀತಂ. ಕೊನೆಗೆ ಅಳುವೇ ಬಂತು. “ಎಲ್ಲಾರೂ ನನ್ನ ಸುಳ್ಳಿ ಅಂತಾರೆ.”

ಅಜ್ಜಿ ಬೈಯಲಿಲ್ಲ. ಒಂದು ಅವರೆಕಾಯಿಯನ್ನು ಸೀಳಿ ಒಳಗಿನ ಕಾಳುಗಳನ್ನು ಎಣಿಸುವವಳ ಹಾಗೆ ನೋಡುತ್ತ ಕೂತಳು.

“ಊರಿಂದ ನಮ್ಮ ಕಲ್ಲೇ ತರೋಣ ಅಜ್ಜಿ?”

“ಬೆಳಕವಾಡಿಯಿಂದ ಮಳವಳ್ಳಿಗೊಂದು ಬಸ್ಸು, ಮಳವಳ್ಳಿಯಿಂದ ಇಲ್ಗೊಂದು ಬಸ್ಸು. ಕಂಡಕ್ಟ್ರು ಕಲ್ಗೂ ಟಿಕೀಟು ಅರೀತಾನೆ. ನಿಮ್ಮಪ್ಪ ಸೊಂಟ ಮುರ್ಕತಾನೆ,” ಎಂದು ಅಜ್ಜಿ ನಕ್ಕಳು. “ಇಷ್ಟು ದೊಡ್ಡ ಪಟ್ಣದಲ್ಲಿ ಒಂದು ಕಲ್ಲಿಲ್ವಾ? ನಾಳಿಕ್ಕೆ ಸನಿವಾರ. ನೀನು ಇಸ್ಕೂಲಿಂದ ಬಾ. ಉಡ್ಕಾನ.”

*

ಶನಿವಾರ ಮಧ್ಯಾಹ್ನ ಅಜ್ಜಿ ಮೊಮ್ಮಗಳು ಇಬ್ಬರೂ ಮಂಡ್ಯದ ಬೀದಿಗಿಳಿದರು.

ಕೆಳಗಿನ ಮನೆಯ ಆಂಟಿ ಮಿಕ್ಸಿ ತೋರಿಸಿದರು. ಪಾತ್ರೆ ಅಂಗಡಿಯವನು ಅಂಗೈ ಅಗಲದ ಒಂದು ಪುಟಾಣಿ ಬೀಸುವ ಕಲ್ಲು ತೋರಿಸಿದ. “ಶೋಕೇಸಿಗೆ ಇಡ್ತಾರಮ್ಮ,” ಎಂದ. ಅಜ್ಜಿ ಅದನ್ನು ಕೈಯಲ್ಲಿ ಹಿಡಿದು, “ಇರುವೆಗೆ ಹಿಟ್ಟು ಬೀಸ್ಬೌದು ಕಣಪ್ಪ,” ಎಂದು ವಾಪಸು ಕೊಟ್ಟಳು.

ಬಿಸಿಲಿಗೆ ಗಗನಳ ಕಾಲು ಎಳೆಯುತ್ತಿತ್ತು. ಗಾಳಿಯಲ್ಲಿ ಕಬ್ಬಿನ ಪಾಕದ ವಾಸನೆ ತೇಲುತ್ತಿತ್ತು. ಆ ವಾಸನೆಯಲ್ಲಿ ನಡೆಯುವಾಗ ಊರೆಲ್ಲ ಸ್ವಲ್ಪ ನಿದ್ದೆಯಲ್ಲಿದೆ ಅನ್ನಿಸುತ್ತಿತ್ತು. ಬೀದಿ ತಿರುವಿನಲ್ಲಿ ಒಬ್ಬಾತ ತಮಟೆಯನ್ನು ಬೆಂಕಿಗೆ ಹಿಡಿದು ಕಾಯಿಸುತ್ತಿದ್ದ. ನಡುನಡುವೆ ಬೆರಳಿನಿಂದ ಟಣ್ ಎಂದು ಬಡಿದು ಕಿವಿಗೊಡುತ್ತಿದ್ದ. ಗಲ್ಲಿಯೊಂದರಲ್ಲಿ ಹೆಂಗಸರು ಕಾಂಪೌಂಡಿನ ಮೇಲೆ ಹಪ್ಪಳ ಒಣಹಾಕಿದ್ದರು. ಮನೆ, ಸ್ಕೂಲಿನ ನಡುವೆ ಆಟೋದಲ್ಲಿ ಕೂತು ಹೋಗುವಾಗ ಇದೊಂದೂ ಅವಳಿಗೆ ಕಂಡಿರಲಿಲ್ಲ.

“ಅಜ್ಜಿ, ಇವಕ್ಕೂ ಬಿಂದಿ ಇಡಬಹುದಿತ್ತು,” ಎಂದಳು.

“ಮದ್ಲು ಇಟ್ಟಿರೋ ಬಿಂದಿ ನೆಟ್ಟಗೆ ಮಾಡವ್ವ,” ಎಂದಳು ಅಜ್ಜಿ.

ದೊಡ್ಡ ಹಳದಿ ಕೊಡೆಯ ಕೆಳಗೆ ಕಬ್ಬಿನ ಹಾಲಿನ ಗಾಡಿ ನಿಂತಿತ್ತು. ತೇಜು ತೋರಿಸಿದ್ದ ಗಾಡಿಯೇ. ಅದರ ಯಜಮಾನ ಚಿಕ್ಕಮಾದು, ಹೆಗಲ ಮೇಲೆ ಟವೆಲು ಹಾಕಿಕೊಂಡ ದಪ್ಪ ಮೀಸೆಯವನು.

“ಎರಡು ಲೋಟ ಕೊಡಪ್ಪ. ಐಸು ಬ್ಯಾಡ,” ಎಂದಳು ಅಜ್ಜಿ. ಕೊಡೆಯ ನೆರಳಿಗೆ ಸರಿದು ಕುಕ್ಕರಗಾಲಲ್ಲಿ ಕೂತಳು. ಅವಳ ಕೈ ಮೆಲ್ಲಗೆ ಕೊಡೆಯ ಬುಡಕ್ಕೆ ಹೋಯಿತು.

ಕೊಡೆಯ ಕಂಬವನ್ನು ಒಂದು ದುಂಡನೆಯ ಕಲ್ಲಿನ ನಡುವಿನ ತೂತಿಗೆ ಸಿಗಿಸಿದ್ದರು. ಕಲ್ಲಿನ ಅಂಚಿನಲ್ಲಿ ಇನ್ನೊಂದು ಸಣ್ಣ ತೂತು. ಅಜ್ಜಿ ಮೇಲೆ ಹತ್ತಿದ ಮಣ್ಣನ್ನು ಸೆರಗಿನಿಂದ ಒರೆಸಿದಳು.

“ಯಾರಪ್ಪ ಇವಳ ತಲೆ ಮ್ಯಾಲೆ ಕೊಡೆ ನೆಟ್ಟಿರೋದು?”

“ಕೊಡೆ ನಿಲ್ಲಕೆ ಭಾರ ಬೇಕಲ್ಲಮ್ಮ. ಗುಜರಿ ಅಂಗ್ಡೀಲಿ ಬಿದ್ದಿತ್ತು,” ಎಂದ ಚಿಕ್ಕಮಾದು.

“ಅಜ್ಜಿ, ಇದು...” ಗಗನ ಮಂಡಿಯೂರಿ ಕೂತಳು.

“ಊ ಕಣವ್ವ. ಬೀಸೋ ಕಲ್ಲು. ಮೇಲ್ಗಲ್ಲು. ಸುತ್ತೋಳು ಇವಳೇ. ಇವಳ ಕೆಳಗ್ನೋಳೆಲ್ಲಪ್ಪ, ನಡುವೆ ಗೂಟ ಇರೋಳು?”

“ಒಬ್ಳೇ ಸಿಕ್ಕಿದ್ದು ಕಣಮ್ಮ,” ಎಂದು ಚಿಕ್ಕಮಾದು ತಲೆ ಕೆರೆದುಕೊಂಡ. ಗಗನ ಒಂದೇ ಉಸಿರಿಗೆ ಭಾನುವಾರದ ಕಥೆ ಹೇಳಿದಳು. ಅವನು ಕಬ್ಬು ಅರೆಯುವುದನ್ನೂ ಬಿಟ್ಟು ಕೇಳಿದ. “ಬೆಳಗ್ಗೆ ಹತ್ತು ಗಂಟೆತಂಕ ನಂಗೆ ಕೊಡೆ ಬ್ಯಾಡ. ಬೇಕಾದ್ರೆ ಗಾಡೀಲೇ ಹಾಕ್ಕಂಡು ಬತ್ತೀನಿ. ಆದ್ರೆ ಒಂದೇ ಕಲ್ಲಲ್ಲಿ ಏನ್ ಬೀಸ್ತೀಯವ್ವ? ಗಾಳೀನಾ?”

ಇಬ್ಬರೂ ಕೆಳಗಲ್ಲು ಹುಡುಕುತ್ತ ಮುಂದೆ ನಡೆದರು.

ಇಳಿಹೊತ್ತಾಯಿತು. ಇನ್ನೆಲ್ಲೂ ಕಲ್ಲು ಸಿಗಲಿಲ್ಲ. ಗಗನ ನಡೆಯುವುದನ್ನು ನಿಲ್ಲಿಸಿದಳು. “ಸುಮ್ನೆ ಆ ಮರಾನಾದ್ರೂ ನೋಡ್ಕಂಡು ಹೋಗೋಣ ಅಜ್ಜಿ,” ಎಂದಳು. “ನಾಳೆ ಅಲ್ಲಿ ನಿಂತ್ಕಂಡು ಎಲ್ಲಾರ ಮುಂದೆ ನಾನು ಸುಳ್ಳು ಹೇಳ್ದೆ ಅಂತ ಹೇಳ್ಬೇಕಲ್ಲ. ಜಾಗ ನೋಡಿದ್ರೆ ಸ್ವಲ್ಪ ಭಯ ಕಮ್ಮಿ ಆಗುತ್ತೆ.”

ಅಜ್ಜಿ ಅವಳ ತಲೆ ಸವರಿದಳು. “ನಡಿ.”

*

ಅರಳಿಮರ ಹಳೆಯ ಎಲೆ ಉದುರಿಸಿ ಹೊಸ ಎಲೆ ಹೊದ್ದಿತ್ತು. ಸಂಜೆಯ ಬಿಸಿಲು ಆ ತಾಮ್ರದ ಬಣ್ಣದ ಚಿಗುರಿನ ಒಳಗಿಂದ ಇಳಿದು ಬರುತ್ತಿತ್ತು. ಗಾಳಿ ಇಲ್ಲದಿದ್ದರೂ ಎಲೆಗಳು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಿದ್ದವು. ಎದುರಿಗೆ ಬಸ್ಸು, ಆಟೋ ಓಡುತ್ತಿದ್ದರೂ ಮರದ ಕೆಳಗೆ ಬೇರೊಂದು ಹೊತ್ತು ಇದ್ದ ಹಾಗಿತ್ತು.

ಬುಡದಲ್ಲಿ ಒಬ್ಬ ಹೆಂಗಸು ಮೊರದ ತುಂಬ ಕನಕಾಂಬರ ಇಟ್ಟುಕೊಂಡು ಹೂ ಕಟ್ಟುತ್ತಿದ್ದಳು. ಅವಳ ಪಕ್ಕದಲ್ಲಿ ಬೇರುಗಳ ನಡುವೆ ಒಬ್ಬ ಪುಟ್ಟ ದೇವಿ. ಅರಿಸಿನ, ಕುಂಕುಮ, ತಲೆಯ ಮೇಲೆ ಹೂವು, ಮುಂದೆ ಮಣ್ಣಿನ ಹಣತೆ.

ಅಜ್ಜಿ ಚಪ್ಪಲಿ ಬಿಟ್ಟು ಕೈಮುಗಿದಳು. ಗಗನಳೂ ಮುಗಿದಳು. ಮುಗಿದ ಕೈ ಹಾಗೇ ಇರುವಾಗ ಅವಳಿಗೆ ಕಂಡಿತು. ದೇವಿ ದುಂಡಗಿದ್ದಾಳೆ. ನಡುವೆ ಸಣ್ಣ ಕಬ್ಬಿಣದ ಗೂಟವಿದೆ. ಹೂವು ಸಿಗಿಸಿರುವುದು ಆ ಗೂಟಕ್ಕೆ.

“ಅಜ್ಜಿ! ಇದು ಬೀಸೋ ಕಲ್ಲು! ಕೆಳಗಲ್ಲು!”

ಕೂಗಿದ ಮೇಲೆ ನಾಲಗೆ ಕಚ್ಚಿಕೊಂಡಳು. ಅಜ್ಜಿ ಅವಳ ತೋಳನ್ನು ಮೆಲ್ಲಗೆ ಚಿವುಟಿದಳು. ಹೂ ಕಟ್ಟುತ್ತಿದ್ದವಳು ತಲೆಯೆತ್ತಿದಳು.

“ಮಗ ಕಣಮ್ಮ. ತಿಳೀದೆ ಅಂದ್ಬುಡ್ತು,” ಎಂದಳು ಅಜ್ಜಿ ಗಾಬರಿಯಿಂದ. “ಅಮ್ಮ ಯಾವ ರೂಪ್ದಲ್ಲಾದ್ರೂ ಬತ್ತಾಳೆ.”

ಆ ಹೆಂಗಸಿಗೆ ಸಿಟ್ಟು ಬರಲಿಲ್ಲ. ಹಲ್ಲಿನಲ್ಲಿ ಹಿಡಿದಿದ್ದ ದಾರ ಬಿಟ್ಟು ನಕ್ಕಳು.

“ನಂಗೊತ್ತಿಲ್ವಾ ಮರಿ? ಇವಳು ನಮ್ಮತ್ತೆ ಕಲ್ಲು.”

ಅವಳ ಹೆಸರು ಭಾಗ್ಯಲಕ್ಷ್ಮಿ. ರೋಡು ಅಗಲ ಮಾಡುವಾಗ ಅವರ ಮನೆ ಹೋಯಿತಂತೆ. ಗೋಡೆ ಬಿದ್ದು ಮೇಲ್ಗಲ್ಲು ಎರಡು ಹೋಳಾಯಿತಂತೆ. ಉಳಿದ ಕೆಳಗಲ್ಲನ್ನು ಚರಂಡಿಗೆ ಎಸೆಯಲು ಮನಸ್ಸು ಬರಲಿಲ್ಲ.

“ಒಂದಿನದ ಮಟ್ಗೆ ಇಲ್ಲಿಟ್ಟೆ. ಮಾರ್ನೆ ದಿನ ಬಂದು ನೋಡ್ತೀನಿ, ಯಾರೋ ಕುಂಕುಮ ಇಕ್ಕವ್ರೆ. ಅದ್ರ ಮಾರ್ನೆ ದಿನ ಒಂದು ಕಾಯಿ! ನಾನೇನಂತ ಯೋಳ್ಲಿ? ದ್ಯಾವ್ರಲ್ಲ ಅನ್ನಕೆ ಬಾಯಿ ಬರ್ಲಿಲ್ಲ. ನಲವತ್ತು ವರ್ಸ ನಮ್ಮನೇಗೆಲ್ಲ ರಾಗಿ ಇಟ್ಟು ಕೊಟ್ಟವ್ಳಲ್ವಾ? ಅವತ್ತಿಂದ ದೀಪ ಹಚ್ತಾವ್ನಿ.”

ಅಜ್ಜಿ ಅವಳ ಪಕ್ಕದಲ್ಲಿ ಕೂತಳು. ಇಬ್ಬರೂ ಕಲ್ಲನ್ನೇ ನೋಡಿದರು. ದೂರದ ಊರಲ್ಲಿರುವ ಒಬ್ಬ ಅಕ್ಕನನ್ನು ಇಬ್ಬರೂ ನೆನೆಸಿಕೊಳ್ಳುತ್ತಿರುವ ಹಾಗೆ.

ಆಮೇಲೆ ಅಜ್ಜಿ ಮೆಲ್ಲಗೆ ವಿಷಯ ತೆಗೆದಳು. ಭಾಗ್ಯಲಕ್ಷ್ಮಿ ಗಗನಳ ಮುಖವನ್ನೇ ನೋಡುತ್ತ ಕೇಳಿದಳು.

“ನನ್ ಕಲ್ಲಾಗಿದ್ರೆ ಈಗ್ಲೇ ಊ ಅಂತಿದ್ದೆ,” ಎಂದಳು. “ಈಗಿವಳು ಬೀದಿಯೋರ್ಗೆಲ್ಲ ಅಮ್ಮ. ಅವಳ್ನೇ ಕೇಳ್ಬೇಕು. ಹೂವು ಬಲಕ್ಕೆ ಬಿದ್ರೆ ನಾಳೆ ಬೀಸಿ. ಎಡಕ್ಕೆ ಬಿದ್ರೆ ಬುಟ್ಬುಡಿ.”

ಅವಳು ಒಂದು ಒಂಟಿ ಕನಕಾಂಬರವನ್ನು ನೀರಿಗೆ ಅದ್ದಿ ಗೂಟದ ತುದಿಯ ಮೇಲಿಟ್ಟಳು. ಮೂವರೂ ಕೈಮುಗಿದು ಕೂತರು.

ಹೂವು ಅಲುಗಲಿಲ್ಲ.

ಗಗನ ಹೂವನ್ನೇ ನೋಡಿದಳು. ಮನಸ್ಸಿನಲ್ಲೇ ಹೇಳಿಕೊಂಡಳು: ‘ಅಮ್ಮ, ನಾನು ಸುಳ್ಳು ಹೇಳ್ದೆ, ತಪ್ಪಾಯ್ತು. ಆದ್ರೆ ನಮ್ಮಜ್ಜಿ ಹಾಡ್ತಿದ್ದಿದ್ದು ಸುಳ್ಳಲ್ಲ. ನಂಗೂ ಕೇಳ್ಬೇಕು.’ ಹಾಗೆ ಹೇಳಿಕೊಂಡಾಗ ಅವಳಿಗೇ ಆಶ್ಚರ್ಯವಾಯಿತು. ಪ್ರೀತಂನ ನೆನಪು ಎಲ್ಲೋ ಹೋಗಿಬಿಟ್ಟಿತ್ತು.

ಒಂದು ಸರ್ಕಾರಿ ಬಸ್ಸು ಭರ್ ಎಂದು ಹಾದುಹೋಯಿತು. ಅದರ ಗಾಳಿಗೆ ಒಣಗಿದ ಎಲೆಗಳು ಎದ್ದವು. ಹೂವು ಒಂದು ಸಲ ತೂಗಿತು. ಬಲಕ್ಕೆ ಬಿತ್ತು.

“ಬಸ್ಸು ಬೀಳಿಸಿದ್ದು ಅಜ್ಜಿ,” ಎಂದು ಗಗನ ಪಿಸುಗುಟ್ಟಿದಳು. “ಲೆಕ್ಕಕ್ಕೆ ಬರುತ್ತಾ?”

“ಬಸ್ಸು ಕಳ್ಸಿದ್ದು ಯಾರು?” ಎಂದಳು ಅಜ್ಜಿ, ಹೂವನ್ನು ಎತ್ತಿ ಅವಳ ಜಡೆಗೆ ಸಿಗಿಸುತ್ತ.

ದಾರಿಯಲ್ಲಿ ಚಿಕ್ಕಮಾದುಗೆ ವಿಷಯ ತಿಳಿಸಿ, ಮನೆಗೆ ಬಂದವಳೇ ಅಜ್ಜಿ ಒಲೆ ಹಚ್ಚಿ ರಾಗಿ ಹುರಿದಳು. ಕೆಂಗಪ್ಪು ಕಾಳುಗಳು ಬಾಣಲೆಯಲ್ಲಿ ಚಿಟಪಟ ಎಂದು ಒಂದೊಂದೇ ಬಿಳಿಯಾಗಿ ಅರಳಿದವು.

*

ಭಾನುವಾರ ಎಂಟು ಗಂಟೆಗೆ ಮೇಷ್ಟ್ರು ಮಕ್ಕಳ ಸಾಲು ಕರೆದುಕೊಂಡು ಬಂದಾಗ ಎಲ್ಲ ಸಿದ್ಧವಾಗಿತ್ತು.

ಭಾಗ್ಯಲಕ್ಷ್ಮಿ ತಾನೇ ದೇವಿಗೆ ನೀರೆರೆದು, ಅರಿಸಿನ ಕುಂಕುಮ ತೊಳೆದು, ಒಗೆದ ಸೀರೆಯನ್ನು ಸುತ್ತಲೂ ಹಾಸಿದ್ದಳು. ಚಿಕ್ಕಮಾದು ಗಾಡಿ ತಳ್ಳಿಕೊಂಡು ಬಂದು, “ಜರುಗ್ರಪ್ಪ, ಮೇಲ್ಗಡೆಯೋಳು ಬಂದ್ಲು!” ಎಂದು ಮೇಲ್ಗಲ್ಲನ್ನು ಇಳಿಸಿದ. ಅದನ್ನು ತೊಳೆದು ಗೂಟದ ಮೇಲೆ ಕೂರಿಸಿದಾಗ ಕಲ್ಲು ಸ್ವಲ್ಪ ಓಲಾಡಿತು. ಒಂದರ ಅಂಚು ಇನ್ನೊಂದಕ್ಕಿಂತ ಬೆರಳಷ್ಟು ಹೊರಗಿತ್ತು.

“ಇಬ್ರೂ ಬ್ಯಾರೆ ಬ್ಯಾರೆ ಮನೆಯೋರು,” ಎಂದಳು ಅಜ್ಜಿ. “ವಾರಗಿತ್ತೀರು ಇದ್ದಂಗೆ. ಒಂದೆಲ್ಡು ಸುತ್ತು ಕಿತ್ತಾಡಿ ಆಮ್ಯಾಕೆ ಒಂದ್ಕಂಡು ಓಯ್ತಾರೆ.”

ಕಲ್ಲು ತಿರುಗಿಸಲು ಹಿಡಿ ಬೇಕಲ್ಲ? ಚಿಕ್ಕಮಾದು ದಪ್ಪ ಕಬ್ಬಿನ ತುಂಡೊಂದನ್ನು ಕೆತ್ತಿ ಅಂಚಿನ ತೂತಿಗೆ ಬಡಿದ. ಮೊದಲ ಸುತ್ತಿಗೇ ಅದು ಲಟ್ಟನೆ ಮುರಿಯಿತು. ಮಕ್ಕಳೆಲ್ಲ ಹೋ ಎಂದರು. ಮುರಿದ ತುಂಡನ್ನು ತೇಜು ಅಲ್ಲೇ ಜಗಿಯಲು ಶುರುಮಾಡಿದ. ಚಿಕ್ಕಮಾದು ನಾಚಿಕೊಂಡು ತನ್ನ ಸುತ್ತಿಗೆಯ ಮರದ ಕಾವನ್ನೇ ಕಿತ್ತು ಬಡಿದ. ಅದು ನಿಂತಿತು.

ಅಜ್ಜಿ ಒಂದು ಕಾಲು ಚಾಚಿ, ಒಂದು ಕಾಲು ಮಡಚಿ ಕೂತಳು. ಕಲ್ಲಿಗೆ ಕೈ ಮುಟ್ಟಿಸಿ ಕಣ್ಣಿಗೆ ಒತ್ತಿಕೊಂಡಳು. ಬರಿ ಕಲ್ಲನ್ನು ಸುತ್ತಬಾರದು ಎಂದು ಮೊದಲೇ ಒಂದು ಹಿಡಿ ರಾಗಿ ಹಾಕಿದಳು. ತಿರುಗಿಸಿದಳು.

ಗುರ್ರ್... ಗುರ್ರ್...

ಮೇಷ್ಟ್ರು ರೆಕಾರ್ಡು ಮಾಡಲು ಫೋನು ಹಿಡಿದರು. ಒಂದು ಸುತ್ತು, ಹತ್ತು ಸುತ್ತು, ಇಪ್ಪತ್ತು ಸುತ್ತು. ಅಂಚಿನಿಂದ ಹಿಟ್ಟು ಇಬ್ಬನಿಯ ಹಾಗೆ ಸೀರೆಯ ಮೇಲೆ ಇಳಿಯಿತು. ಅಜ್ಜಿಯ ತುಟಿ ಮಾತ್ರ ತೆರೆಯಲಿಲ್ಲ.

“ಹಾಡೇ ಇಲ್ವಲ್ಲೋ,” ಎಂದ ಪ್ರೀತಂ, ಗಗನಳಿಗೆ ಕೇಳಿಸುವಷ್ಟು ಜೋರಾಗಿ.

ಅಜ್ಜಿ ತಿರುಗಿಸುವುದನ್ನು ನಿಲ್ಲಿಸಿದಳು. ಎದುರಿನ ಖಾಲಿ ಜಾಗವನ್ನು ನೋಡಿದಳು.

“ಊರಲ್ಲಿ ಎದುರ್ಗೆ ಒಬ್ರು ಇಡ್ಕಂಡಿರೋರು. ಇಲ್ಲಿ ಯಾರೂ ಇಲ್ವಲ್ಲ,” ಎಂದಳು. “ನಾನ್ಯಾರ್ಗೆ ಯೋಳ್ಲಿ? ಬಾ ಮಗ, ಇಡ್ಕೊ.”

ಗಗನ ಓಡಿಹೋಗಿ ಎದುರಿಗೆ ಕೂತಳು. ಅಜ್ಜಿಯ ಕೈಯ ಮೇಲೆ ತನ್ನ ಕೈಯಿಟ್ಟು ಹಿಡಿಯನ್ನು ಹಿಡಿದಳು. ಕಲ್ಲು ಅವಳ ಕಡೆಗೆ ಬಂತು, ಅಜ್ಜಿಯ ಕಡೆಗೆ ಹೋಯಿತು. ಮತ್ತೆ ಬಂತು, ಮತ್ತೆ ಹೋಯಿತು. ಉಯ್ಯಾಲೆಯನ್ನು ಮಲಗಿಸಿದ ಹಾಗಿತ್ತು.

ಮೊದಲು ಮೊಣಕೈಗೆ ಬಂತು. ಆಮೇಲೆ ಭುಜಕ್ಕೆ. ಕೆನ್ನೆಗೆ. ಅದೇ ಹಳೆಯ ಗುಂಯ್. ಅಜ್ಜಿಯ ತುಟಿ ಅಲುಗಿತು. ಈ ಸಲ ಅದರೊಳಗೆ ಮಾತುಗಳೂ ಇದ್ದವು.

ಹಿಡಿರಾಗಿ ಹಾಕೀನಿ ಹಿಡಿದೋಳ ಕೈಕಾಯೆ
ನಡುಮನೆಯ ಬೆಳಕೆ ನನತಾಯೆ ನಿನಸುತ್ತ
ಬಿಡದಂಗೆ ಸುತ್ತಾನೆ ಚಂದೀರ

ಗಗನ ಕಣ್ಣು ಮುಚ್ಚಿದಳು. ಬೆಳಕವಾಡಿಯ ನಡುಮನೆ ಕಂಡಿತು. ಕಪ್ಪು ರಾಗಿಯ ಆಕಾಶದಲ್ಲಿ ಒಂದು ದುಂಡು ಕಲ್ಲು ಮೆಲ್ಲಗೆ ಸುತ್ತುತ್ತಿತ್ತು. ಅದರ ಅಂಚಿನಿಂದ ಬೆಳದಿಂಗಳು ಉದುರುತ್ತಿತ್ತು. ಎಷ್ಟು ಹೊತ್ತು ಹಾಗಿದ್ದಳೋ ಅವಳಿಗೇ ತಿಳಿಯಲಿಲ್ಲ.

“ಏನೂ ಕೇಳಿಸ್ತಾನೇ ಇಲ್ಲ!”

ಕಣ್ಣು ಬಿಟ್ಟಳು. ಹಾಗೆಂದ ಶೋಭಿತಾ ಮುಂದಕ್ಕೆ ಬಾಗಿದ್ದಳು. ಮೇಷ್ಟ್ರು ಫೋನನ್ನು ಇನ್ನಷ್ಟು ಹತ್ತಿರ ತಂದಿದ್ದರು. ರೋಡಿನಲ್ಲಿ ಹಾರನ್ನು, ಕಲ್ಲಿನ ಗುರ್ರ್, ಅಜ್ಜಿಯದೋ ತಗ್ಗಿದ ದನಿ. ಪ್ರೀತಂ ಕಿವಿಗೆ ಕೈಯಿಟ್ಟು, ಬಾಯಿ ಸ್ವಲ್ಪ ತೆರೆದು, ಹಣೆ ಗಂಟಿಕ್ಕಿ ನಿಂತಿದ್ದ. ಅವನೀಗ ಗೇಲಿ ಮಾಡುತ್ತಿರಲಿಲ್ಲ. ನಿಜವಾಗಿಯೂ ಕೇಳಲು ನೋಡುತ್ತಿದ್ದ.

“ಅಜ್ಜಿ, ಸ್ವಲ್ಪ ಜೋರಾಗಿ...” ಎಂದು ಹೇಳಹೊರಟ ಗಗನ ನಿಲ್ಲಿಸಿದಳು. ಅಜ್ಜಿಯ ಕಣ್ಣು ಅರ್ಧ ಮುಚ್ಚಿತ್ತು. ಅವಳು ಯಾರಿಗೂ ತೋರಿಸಲು ಹಾಡುತ್ತಿರಲಿಲ್ಲ. ಎದುರಿಗೆ ಕೂತವಳಿಗೆ ಹೇಳುತ್ತಿದ್ದಳು, ಅಷ್ಟೇ.

ಹಿಡಿಯನ್ನು ಬಿಡಲು ಗಗನಳಿಗೆ ಮನಸ್ಸಿರಲಿಲ್ಲ. ಇನ್ನೊಂದು ಸುತ್ತು ಸುತ್ತಿದಳು. ಇನ್ನೊಂದು. ಆಮೇಲೆ ಪಕ್ಕಕ್ಕೆ ಸರಿದು ಜಾಗ ಮಾಡಿದಳು.

“ಪ್ರೀತಂ, ಬಾರೋ. ಹಿಡ್ಕೊ.”

“ನಾನಾ?”

“ಅಲ್ಲಿಂದ ಕೇಳ್ಸಲ್ಲ ಕಣೋ. ಇಲ್ಲಿ ಬಾ.”

ಅವನು ಸಂಕೋಚದಿಂದ ಕೂತು, ಬಿಸಿ ಪಾತ್ರೆ ಮುಟ್ಟುವವನ ಹಾಗೆ ಹಿಡಿಯನ್ನು ಮುಟ್ಟಿದ. “ಗಟ್ಟಿಯಾಗಿ ಇಡ್ಕೊ ನನ್ನಪ್ಪ, ಕಚ್ಚಲ್ಲ,” ಎಂದಳು ಅಜ್ಜಿ. ಎರಡು ಸುತ್ತಾಯಿತು. ಮೂರನೆಯ ಸುತ್ತಿಗೆ ಪ್ರೀತಂನ ಹಣೆಯ ಗಂಟು ಬಿಟ್ಟಿತು. ಅವನು ತಲೆಯೆತ್ತಿ ಗಗನಳನ್ನು ನೋಡಿದ.

ಒಬ್ಬರಾದ ಮೇಲೆ ಒಬ್ಬರು ಕೂತರು. ತೇಜು ಕಬ್ಬು ಜಗಿಯುವುದನ್ನು ಮರೆತ. ಮೇಷ್ಟ್ರು ಫೋನನ್ನು ಜೇಬಿಗೆ ಹಾಕಿ ಪ್ಯಾಂಟು ಮಡಚಿ ಕೂತುಬಿಟ್ಟರು. ಕೊನೆಗೆ ಎಲ್ಲರೂ ಭಾಗ್ಯಲಕ್ಷ್ಮಿಯನ್ನು ನೋಡಿದರು.

“ನಂಗೆಲ್ಲ ಮರ್ತೋಗದೆ,” ಎನ್ನುತ್ತಲೇ ಅವಳು ಸೆರಗು ಸಿಗಿಸಿ ಎದುರಿಗೆ ಕೂತಳು. ಕಲ್ಲು ಐದಾರು ಸಲ ಅವಳ ಕಡೆಗೆ ಬಂದು ಹೋಯಿತು. ಅಜ್ಜಿ ಒಂದು ಪದ ಮುಗಿಸಿ ಉಸಿರು ತೆಗೆದುಕೊಂಡಳು. ಆ ಉಸಿರಿನ ಜಾಗದಲ್ಲಿ ಭಾಗ್ಯಲಕ್ಷ್ಮಿಯ ದನಿ ಎದ್ದಿತು. ಬೇರೆ ಪದ. ಅತ್ತೆಯ ಪದವಿರಬೇಕು. ಹಾಡುತ್ತ ಹಾಡುತ್ತ ಅವಳ ಕಣ್ಣಿಂದ ನೀರಿಳಿಯಿತು. ಅವಳು ಒರೆಸಿಕೊಳ್ಳಲಿಲ್ಲ, ಕೈ ಬಿಡುವಿರಲಿಲ್ಲ.

ಹಿಟ್ಟು ಸ್ವಲ್ಪ ತರಿತರಿಯಾಗಿತ್ತು. ಮೊದಲ ಹಿಡಿಯನ್ನು ಅಜ್ಜಿ ಮರದ ಬೇರಿಗೆ ಇಟ್ಟಳು. ಉಳಿದದ್ದಕ್ಕೆ ಚಿಕ್ಕಮಾದು ಕಬ್ಬಿನ ಹಾಲು ಹೊಯ್ದ. ಅಜ್ಜಿ ಕಲೆಸಿ ಉಂಡೆ ಮಾಡಿ ಎಲ್ಲರ ಅಂಗೈಗೆ ಒಂದೊಂದು ಇಟ್ಟಳು. ಬಸ್ಸಿಗೆ ಕಾಯುತ್ತಿದ್ದವರಿಗೂ ಸಿಕ್ಕಿತು.

ಹತ್ತು ಗಂಟೆಗೆ ಮೇಲ್ಗಲ್ಲು ಗಾಡಿ ಹತ್ತಿತು. ದೇವಿ ಮತ್ತೆ ಕುಂಕುಮವಿಟ್ಟುಕೊಂಡಳು.

*

ಸೋಮವಾರ ದೇವರಾಜು ಮೇಷ್ಟ್ರು ಗಗನಳ ಕೈಗೆ ಸ್ಕೆಚ್ ಪೆನ್ನು ಕೊಟ್ಟರು. ನಕ್ಷೆಯ ಪಕ್ಕದ ಹಾಳೆಯಲ್ಲಿ ಪ್ರತಿ ಬಿಂದಿಗೂ ಒಂದು ಸಾಲು ಇತ್ತು. ಏನು, ಎಲ್ಲಿ, ಯಾವಾಗ, ಹೇಗೆ ಹೋಗಬೇಕು.

‘ಬೀಸುವ ಪದ’ ಎಂದು ಬರೆದಳು. ‘ಅರಳಿಮರದ ಕೆಳಗೆ’ ಎಂದು ಬರೆದಳು. ‘ಯಾವಾಗ’ ಎನ್ನುವಲ್ಲಿ ಪೆನ್ನು ನಿಂತಿತು.

“ಭಾನುವಾರ ಎಂಟು ಗಂಟೆ ಅಂತ ಬರಿಯೇ,” ಎಂದಳು ಶೋಭಿತಾ.

ಗಗನ ಕಿಟಕಿಯಾಚೆ ನೋಡಿದಳು. ಬೆಳಿಗ್ಗೆ ಆಟೋದಲ್ಲಿ ಬರುವಾಗ ಇನ್ನೂ ಬಿಡಿಸದ ಹಳದಿ ಕೊಡೆ ಕಂಡಿತ್ತು. ಅದರ ಕೆಳಗೆ ಯಾರು ಕೂತಿದ್ದಾಳೆಂದು ರೋಡಿನಲ್ಲಿ ಹೋಗುವ ಯಾರಿಗೂ ಗೊತ್ತಿರಲಿಲ್ಲ. ಗಗನಳ ಬಲ ಅಂಗೈಯಲ್ಲಿ ಒಂದು ಸಣ್ಣ ಬೊಬ್ಬೆ ಎದ್ದಿತ್ತು. ಮೂಗಿನ ಹತ್ತಿರ ತಂದರೆ ಇನ್ನೂ ಹುರಿದ ರಾಗಿಯ ಘಮ.

‘ಯಾವಾಗ’ ಎಂಬ ಜಾಗವನ್ನು ಅವಳು ಖಾಲಿ ಬಿಟ್ಟಳು. ‘ಹೇಗೆ ಹೋಗಬೇಕು’ ಎಂಬಲ್ಲಿ ದುಂಡಗೆ ಬರೆದಳು:

‘ಒಂದು ಹಿಡಿ ಹುರಿದ ರಾಗಿ ತೆಗೆದುಕೊಂಡು ಹೋಗಿ. ಎದುರಿಗೆ ಕುಳಿತುಕೊಳ್ಳಿ.’

ಪ್ರೀತಂ ಹಿಂದಿನಿಂದ ಬಂದು ಅದನ್ನು ಓದಿದ. ಆಮೇಲೆ ನಕ್ಷೆಯ ಹತ್ತಿರ ಹೋಗಿ, ಅರಳಿಮರದ ಮೇಲೆ ಅಂಚು ಎದ್ದಿದ್ದ ಕೆಂಪು ಬಿಂದಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ನಿಂತ. ಅದು ಅಂಟಿಕೊಳ್ಳುವವರೆಗೆ.